ಜೇಬುಚಾಕು: ಒಂದು ಮರಪರಿಶೀಲನೆ

ಜೇಬುಚಾಕು ಕೊಳ್ಳಲು ಹೋದವರು ಮೊದಲು ಅಲಗನ್ನು ಹೆಬ್ಬೆರಳಲ್ಲಿ ಸವರಿ ಹರಿತ ನೋಡುತ್ತಾರೆ. ಇದು ಅನನುಭವಿಗಳ ಲಕ್ಷಣ. ಹರಿತ ಬೇಕಾದದ್ದು ಕತ್ತರಿಸುವವರಿಗೆ. ನಾವು ಆರಿಸುವವರು. ಆರಿಸುವವರ ಪಾಲಿಗೆ ಚಾಕು ಎಂದರೆ ಹಿಡಿ. ಅಲಗು ಅದರೊಳಗೆ ಬಾಡಿಗೆಗಿರುವ ಸಂಸಾರ.

ಹಿಡಿ ಗಡಸಾಗಿರಬೇಕು ಎಂಬುದರಲ್ಲಿ ಪಂಡಿತರಿಗೆ ಎರಡು ಮಾತಿಲ್ಲ. 1906ರಲ್ಲಿ ಗೇಬ್ರಿಯಲ್ ಯಾಂಕಾ ಎಂಬ ಮರವಿಜ್ಞಾನಿ ಇದಕ್ಕೊಂದು ಪರೀಕ್ಷೆ ರೂಪಿಸಿದ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧದವರೆಗೆ ಇಳಿಸಲು ಎಷ್ಟು ಬಲ ಬೇಕೋ ಅದೇ ಆ ಮರದ ಅಂಕ. ತೇಗಕ್ಕೆ ಸುಮಾರು 1,100 ಪೌಂಡು ಸಾಕು, ಬೀಟೆಗೆ 2,400ರ ಆಸುಪಾಸು. ನೀವು ಕಿತ್ತಳೆ ಸುಲಿಯುತ್ತ ಕೂತಿದ್ದಾಗ ಯಾರಾದರೂ ಬಂದು ಹಿಡಿಗೆ ಉಕ್ಕಿನ ಗುಂಡು ಒತ್ತಿದರೆ, ಬೀಟೆಯವರು ನಿಶ್ಚಿಂತರಾಗಿ ಸುಲಿಯುತ್ತಲೇ ಇರಬಹುದು. ತೇಗದವರಿಗೆ ಆಗುವ ಮುಖಭಂಗವನ್ನು ಇಲ್ಲಿ ವರ್ಣಿಸುವುದಿಲ್ಲ.

ತೇಗದ ಮೇಲೆ ಇನ್ನೊಂದು ಆರೋಪವೂ ಇದೆ. ಅದರ ಮೈಯಲ್ಲಿ ಸಿಲಿಕಾ ಇರುವುದರಿಂದ ಕೊಯ್ಯುವ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ. ಉಕ್ಕನ್ನು ಸೋಲಿಸುವ ಮರದೊಳಗೆ ಉಕ್ಕಿನ ಅಲಗನ್ನು ಮಡಚಿ ಮಲಗಿಸುವುದು ಎಷ್ಟು ಸರಿ? ಬೀಟೆಯೂ ಸಾಧುವಲ್ಲ. ಅದರ ಪುಡಿ ಮೂಗಿಗೆ ಹೋದರೆ ಕೆಲವರಿಗೆ ಸೀನು, ಮೈಗೆ ತಾಗಿದರೆ ತುರಿಕೆ. ಮೇಲಾಗಿ 2017ರಿಂದ ಇಡೀ ಬೀಟೆ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣ ಬಿದ್ದಿದೆ. ಇಷ್ಟು ಗೊತ್ತಾದ ಮೇಲೆ ಬೀಟೆಯ ಮೇಲಿನ ಆಸೆ ಇಮ್ಮಡಿಯಾಗುವುದು ಸಹಜ.

ಶ್ರೀಗಂಧದ ಮಾತು ಬಂದೇ ಬರುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಸರ್ಕಾರಗಳು ಬದಲಾದರೂ ಹಕ್ಕು ಮಾತ್ರ ಸರ್ಕಾರದ ಕಡೆಯೇ ಉಳಿಯಿತು. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲಷ್ಟೆ ಜಮೀನಿನ ಒಡೆಯ ತನ್ನ ಹೊಲದ ಗಂಧದ ಮರಕ್ಕೂ ಒಡೆಯನಾದ. ಕಡಿಯಲು, ಸಾಗಿಸಲು ಈಗಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಹೀಗಾಗಿ ಗಂಧದ ಹಿಡಿಯವರು ಒಂದು ಜೇಬಲ್ಲಿ ಚಾಕು, ಇನ್ನೊಂದರಲ್ಲಿ ರಸೀದಿ ಇಟ್ಟುಕೊಳ್ಳುವುದು ಕ್ಷೇಮ. ಸೇಬು ಹೆಚ್ಚಿದರೆ ಸೋಪಿನ ಘಮ ಬರುತ್ತದೆ ಎಂಬ ದೂರನ್ನು ಅಸೂಯೆ ಎಂದು ತಳ್ಳಿಹಾಕಬಹುದು.

ಪರದೇಶದ ಮರವೇ ಮೇಲು ಎನ್ನುವವರಿಗೆ ಫ್ರಾನ್ಸಿನ ಒಪಿನೆಲ್ ಚಾಕು ಇದೆ. 1890ರಲ್ಲಿ ಸವೊಯಿ ಸೀಮೆಯ ಕಮ್ಮಾರರ ಮನೆಯ ಹುಡುಗನೊಬ್ಬ ಮಾಡಿದ್ದು. ಹಿಡಿ ಹೆಚ್ಚಾಗಿ ಬೀಚ್ ಮರದ್ದು. ಬೀಚ್ ನೀರು ಕುಡಿದರೆ ಊದುತ್ತದೆ, ಊದಿದರೆ ಅಲಗು ಕಚ್ಚಿಕೊಳ್ಳುತ್ತದೆ. ಆಗ ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ಕರೆಯುವುದು ಸವೊಯಿಯವರ ಹಳೆಯ ಪದ್ಧತಿ. ಆಗುಂಬೆಯ ಆಷಾಢದಲ್ಲಿ ಇದು ಜಗತ್ತಿನ ಅತ್ಯಂತ ಸುರಕ್ಷಿತ ಚಾಕು. ಮಕ್ಕಳ ಕೈಗೆ ಸಿಕ್ಕರೂ ಭಯವಿಲ್ಲ. ದೊಡ್ಡವರ ಕೈಗೆ ಸಿಕ್ಕರೂ ಉಪಯೋಗವಿಲ್ಲ.

ರೈತರನ್ನು ಮಾತ್ರ ಸಲಹೆ ಕೇಳಬಾರದು. ಕುಡುಗೋಲಿಗೆ ಯಾವ ಮರದ ಹಿಡಿ ಎಂದರೆ ಬಯಲುಸೀಮೆಯವರು ಯೋಚಿಸದೆ ಜಾಲಿ ಅನ್ನುತ್ತಾರೆ. ಯಾಕೆಂದು ಕೇಳಿದರೆ, “ಬದುವಿನ ಮ್ಯಾಗ ಐತಲ್ರೀ” ಎಂಬ ಉತ್ತರ. ಕೊಡಲಿಗಾದರೆ ದಿಂಡಿಗ, ತಡಸಲು. ಅವು ಏಟಿಗೆ ಬಾಗುತ್ತವೆ, ಸೀಳುವುದಿಲ್ಲ. ದಿನಕ್ಕೆ ನೂರಾರು ಸಲ ಬೀಸುವವರ ಇಂಥ ಅಭಿಪ್ರಾಯದಲ್ಲಿ ಸ್ವಾರ್ಥ ಬೆರೆತಿರುತ್ತದೆ.

ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಜೇಬುಚಾಕುವಿಗೂ ಅನ್ವಯಿಸುತ್ತದೆಯೇ? ಚರ್ಚೆ ನಡೆದಿದೆ. ಜೇಬುಚಾಕು ಮರ ಕಡಿಯುವುದಿಲ್ಲ, ಅದರ ನಿತ್ಯಕರ್ಮವೆಂದರೆ ಕೊರಿಯರ್ ಡಬ್ಬ ಬಿಚ್ಚುವುದು ಎಂಬುದು ಒಂದು ವಾದ. ಆ ಡಬ್ಬದ ರಟ್ಟು ಮರದ ತಿರುಳಿನಿಂದಲೇ ಆದದ್ದು ಎಂಬುದು ಪ್ರತಿವಾದ. ಡಬ್ಬದೊಳಗೆ ಬಹುತೇಕ ಇನ್ನೊಂದು ಜೇಬುಚಾಕು ಇರುವುದರಿಂದ ವಿಷಯ ಇನ್ನಷ್ಟು ಜಟಿಲವಾಗುತ್ತದೆ.

ಎಲ್ಲವನ್ನೂ ತೂಗಿ ನೋಡಿದರೆ ನನ್ನ ಮತ ಹೊನ್ನೆಗೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿಯಿಡೀ ಇಟ್ಟ ನೀರು ಬಣ್ಣ ತಿರುಗುತ್ತದೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅದನ್ನು ಕುಡಿಯುವವರಿದ್ದಾರೆ. ಚಾಕು ಮಳೆಯಲ್ಲಿ ನೆನೆದರೆ ಮಿಕ್ಕ ಹಿಡಿಯವರಿಗೆ ಬರೀ ನಷ್ಟ, ಹೊನ್ನೆಯವರಿಗೆ ಕಷಾಯವಾದರೂ ಸಿಕ್ಕೀತು. ತೆಂಗಿನಕಾಯಿ, ಕುಂಬಳಕಾಯಿ, ಕಬ್ಬು ಮುಂತಾದ ಕತ್ತರಿಸಬೇಕಾದ ವಸ್ತುಗಳು ಎದುರಾದರೆ ಅಡುಗೆಮನೆಯ ಮೆಟ್ಟುಗತ್ತಿಯನ್ನೇ ಬಳಸಿ, ಹಿಡಿ ಹಾಳಾಗಬಾರದು. ವಿಮಾನ ಹತ್ತುವವರು ಚಾಕುವನ್ನು ಕೈಚೀಲದಲ್ಲಿಡದೆ ಚೆಕ್-ಇನ್ ಸಾಮಾನಿಗೆ ಹಾಕಿ. ಕಿತ್ತುಕೊಂಡು ಡಬ್ಬಕ್ಕೆ ಎಸೆಯುವ ಭದ್ರತಾ ಸಿಬ್ಬಂದಿ ಯಾವ ಮರವೆಂದು ಕೇಳುವುದಿಲ್ಲ.