ಕ್ರೈ 1ಎಸಿ ಜೀನಿಗೆ ನಾಲತವಾಡದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕ್ರೈ 1ಎಸಿ,

ನೀನು ಹತ್ತಿ ಬೀಜದೊಳಗೆ ಕೂತು ನಮ್ಮ ಸೀಮೆಗೆ ಬಂದು ಎರಡು ದಶಕ ದಾಟಿತು. ಇವತ್ತು ನಾಲತವಾಡದ ಸುತ್ತಲಿನ ಎರೆಹೊಲಗಳಲ್ಲಿ ಹತ್ತಿ ಕೆಟ್ಟರೆ ಜನ ಬೈಯುವುದು ನಿನ್ನನ್ನು. ಬಿಟಿಯಲ್ಲಿ ಈಗ ಶಕ್ತಿ ಉಳಿದಿಲ್ಲ ಎಂಬ ಮಾತು ಗೊಬ್ಬರದ ಅಂಗಡಿಯಿಂದ ಸಂತೆಯವರೆಗೆ ಕೇಳಿಬರುತ್ತದೆ. ನಿನ್ನ ತಲೆಗೆ ಕಟ್ಟಿದ ಈ ಅಪವಾದದಲ್ಲಿ ಬಹುಪಾಲು ನಿನ್ನದಲ್ಲ. ಅದನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದೇ ಈ ಪತ್ರ.

ನೀನು ಹೊಡೆಯುವ ಎಣ್ಣೆಯಲ್ಲ, ಹಾಕುವ ಗೊಬ್ಬರವಲ್ಲ. ಡಿಎನ್‌ಎಯ ಒಂದು ತುಣುಕು. ನಿನ್ನ ತವರು ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಅಂದರೆ ಬಿಟಿ, ಎಂಬ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾತಾ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಅದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದಲ್ಲಿ ಕಂಡು, ತುರಿಂಜಿಯಾ ಪ್ರಾಂತದ ಹೆಸರನ್ನು ಅದಕ್ಕಿಟ್ಟರು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಸಾಲು ನೀನು. ಮೂರು ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲದಂತೆ ಜೋಡಿಸುತ್ತ ಹೋಗಿ ಜೀವಕೋಶ ಒಂದು ಪ್ರೋಟೀನು ಕಟ್ಟುತ್ತದೆ. ಹತ್ತಿಯ ಹುಳು ಅದನ್ನು ಮೇದಾಗ ಅದರ ಕ್ಷಾರೀಯ ಕರುಳಿನಲ್ಲಿ ಪ್ರೋಟೀನು ಸಕ್ರಿಯವಾಗಿ, ಕರುಳಿನ ಗೋಡೆಯ ಗ್ರಾಹಕಗಳಿಗೆ ಅಂಟಿ, ತೂತು ಕೊರೆಯುತ್ತದೆ. ಹುಳು ಮೇವು ಬಿಡುತ್ತದೆ, ಸಾಯುತ್ತದೆ. ಮನುಷ್ಯನ ಹೊಟ್ಟೆ ಆಮ್ಲೀಯ. ಆ ಗ್ರಾಹಕಗಳೂ ನಮ್ಮಲ್ಲಿಲ್ಲ.

ನಿನ್ನ ಬರವು ಸುಲಭದ್ದಾಗಿರಲಿಲ್ಲ. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ನಿನ್ನ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಬೀಜದ ಒಡೆತನ ಯಾರದು ಎಂಬ ಅವರ ಪ್ರಶ್ನೆ ನ್ಯಾಯವಾದದ್ದು, ಇಂದಿಗೂ ಜೀವಂತವಾಗಿದೆ. 2002ರ ಮಾರ್ಚ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. 2006ರಲ್ಲಿ ಕ್ರೈ 2ಎಬಿ ಎಂಬ ಜೊತೆಗಾರ ನಿನಗೆ ಸಿಕ್ಕ. ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವ ಲಾಗೋಡು ಇಳಿದದ್ದು ನಿಜ. ಆಮೇಲೆ ಗುಲಾಬಿ ಕಾಯಿಕೊರಕ ತಿರುಗಿಬಿತ್ತು. ಅದು ನಿನ್ನನ್ನು ಗೆದ್ದ ಸುದ್ದಿ ಗುಜರಾತಿನಿಂದ 2010ರಲ್ಲಿ ಹೊರಬಂತು. ಕೆಲವೇ ವರ್ಷಗಳಲ್ಲಿ ಎರಡು ಜೀನಿನ ಹತ್ತಿಯೂ ಅದಕ್ಕೆ ಸೋತಿತು.

ಆ ಹುಳುವನ್ನು ನೋಡಬೇಕೆಂದರೆ ಹಸಿರು ಕಾಯಿಯನ್ನು ಸೀಳಬೇಕು. ಮೊಟ್ಟೆಯೊಡೆದ ಮರಿ ಕಾಯಿ ಹೊಕ್ಕ ಮೇಲೆ ತೂತು ಮುಚ್ಚಿಹೋಗುತ್ತದೆ. ಹೊರಗೆ ಕಾಯಿ ಚೆಂದ. ಒಳಗೆ ಎರಡು ಬೀಜಗಳನ್ನು ಅಂಟಿಸಿಕೊಂಡು ಗುಲಾಬಿ ಬಣ್ಣದ ಹುಳು ಮಲಗಿರುತ್ತದೆ, ಸುತ್ತಲಿನ ಅರಳೆ ಕಂದಿರುತ್ತದೆ. ಕಾಯಿ ಹೊಕ್ಕ ಹುಳುವನ್ನು ಯಾವ ಎಣ್ಣೆಯೂ ಮುಟ್ಟುವುದಿಲ್ಲ.

ನಿನ್ನ ಪರವಾಗಿ ಸಾಕ್ಷಿ ಹೇಳಲು ನಮ್ಮ ತೊಗರಿ ಇದೆ. ಹಸಿರು ಕಾಯಿಕೊರಕ ಹತ್ತಿಯನ್ನೂ ತಿನ್ನುತ್ತದೆ, ತೊಗರಿಯನ್ನೂ ಕಡಲೆಯನ್ನೂ ತಿನ್ನುತ್ತದೆ. ತೊಗರಿಯಲ್ಲಿ ನೀನಿಲ್ಲ. ಅಲ್ಲಿ ಬೆಳೆದ ಪತಂಗಗಳಿಗೆ ನಿನ್ನ ಪರಿಚಯವೇ ಇಲ್ಲ. ಹತ್ತಿಯಲ್ಲಿ ಬದುಕುಳಿದ ಒಂದೆರಡು ಗಟ್ಟಿ ಪತಂಗಗಳು ಇವುಗಳ ಜೊತೆ ಕೂಡಿದಾಗ ಮರಿಗೆ ನಿರೋಧಕ ಜೀನಿನ ಒಂದೇ ಪ್ರತಿ ಸಿಗುತ್ತದೆ. ಸಾಮಾನ್ಯವಾಗಿ ಆ ಒಂದು ಪ್ರತಿ ಸಾಲದು. ಮರಿ ಬಿಟಿ ಹತ್ತಿ ತಿಂದು ಸಾಯುತ್ತದೆ. ಹಸಿರು ಹುಳು ಹತ್ತಿಯಲ್ಲಿ ಇಂದಿಗೂ ದೊಡ್ಡದಾಗಿ ತಲೆಯೆತ್ತದಿರಲು ಇದು ಮುಖ್ಯ ಕಾರಣ. ಗುಲಾಬಿ ಹುಳು ಹೆಚ್ಚುಕಡಿಮೆ ಹತ್ತಿಯೊಂದನ್ನೇ ನಂಬಿದ್ದು. ಊರಿಗೂರೇ ಬಿಟಿ ಬಿತ್ತಿದ ಮೇಲೆ ಗಟ್ಟಿ ಪತಂಗಕ್ಕೆ ಗಟ್ಟಿ ಪತಂಗವೇ ಸಿಕ್ಕಿತು. ಮರಿಗಳಿಗೆ ನಿರೋಧಕ ಜೀನಿನ ಎರಡೂ ಪ್ರತಿ ಬಂದವು.

ಇದನ್ನು ತಡೆಯಲೆಂದೇ ನಿಯಮವಿತ್ತು. ಸುತ್ತ ಐದು ಸಾಲು ಅಥವಾ ಹೊಲದ ಶೇ 20 ಜಾಗ, ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿಯಲ್ಲದ ಹತ್ತಿ ಇರಬೇಕು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಮಿನ ಸಣ್ಣ ಪಾಕೀಟು ಅದಕ್ಕೇ ಬರುತ್ತಿತ್ತು. ಅದು ಯಾಕೆ ಎಂದು ಅಂಗಡಿಯ ಕಟ್ಟೆಯಲ್ಲಿ ಬಿಡಿಸಿ ಹೇಳಿದವರು ಕಡಿಮೆ, ಹೊಲಕ್ಕೆ ಬಂದು ನೋಡಿದವರು ಇನ್ನೂ ಕಡಿಮೆ. ಆ ಬೀಜದ ಮೊಳಕೆಯ ಮೇಲೆ ರೈತನಿಗೂ ಭರವಸೆ ಇರಲಿಲ್ಲ. ಬಹಳಷ್ಟು ಪಾಕೀಟುಗಳು ಒಡೆಯದೆ ಹೋದವು.

ಇನ್ನೊಂದು ಪೆಟ್ಟು ನಿನ್ನನ್ನು ಬಹುತೇಕ ಹೈಬ್ರಿಡ್‌ನಲ್ಲೇ ಮಾರಿದ್ದರಿಂದ ಬಿತ್ತು. ಹೈಬ್ರಿಡ್ ಹತ್ತಿ ನಮಗೆ ಹೊಸದಲ್ಲ. 1972ರಲ್ಲೇ ಧಾರವಾಡದಲ್ಲಿ ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡನ್ನು ಕೊಟ್ಟಿದ್ದರು. ಆದರೆ ತಂದೆ ತಾಯಿಯಲ್ಲಿ ಒಬ್ಬರಿಂದಷ್ಟೇ ನೀನು ಬಂದಿದ್ದರೆ, ಗಿಡದ ಕಾಯಿಯೊಳಗಿನ ಬೀಜಗಳಲ್ಲಿ ನಾಲ್ಕಕ್ಕೆ ಮೂರರಲ್ಲಿ ಮಾತ್ರ ನೀನಿರುತ್ತೀಯ. ಒಂದೇ ಕಾಯಿಯಲ್ಲಿ ನೀನಿರುವ ಬೀಜ, ಇಲ್ಲದ ಬೀಜ ಎರಡನ್ನೂ ರುಚಿನೋಡುತ್ತ ಹುಳು ಪಳಗಿತು. ಕೃಷ್ಣೆಯ ನೀರು ಹತ್ತಿದ ಕಡೆ ಸಂಕ್ರಾಂತಿ ಕಳೆದರೂ ಬೆಳೆ ಹೊಲದಲ್ಲೇ ನಿಂತು, ಹುಳುವಿಗೆ ಮೇವು ತಪ್ಪಲೇ ಇಲ್ಲ.

ಬೇರೆ ಕಡೆ ನಿನ್ನ ಕಥೆ ಹೀಗಾಗಲಿಲ್ಲ. ಅಮೆರಿಕದ ಅರಿಝೋನಾದಲ್ಲಿ 1996ರಿಂದ ನಿನ್ನನ್ನು ಬಿತ್ತಿದರು. ಬಿಟಿಯಲ್ಲದ ಹತ್ತಿಯನ್ನು ನಿಯಮದಂತೆ ಉಳಿಸಿದರು, ಆಮೇಲೆ ಬಂಜೆ ಮಾಡಿದ ಪತಂಗಗಳನ್ನು ರಾಶಿರಾಶಿ ಹಾರಿಬಿಟ್ಟರು. 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಿಂದ ಗುಲಾಬಿ ಹುಳು ನಿರ್ನಾಮವಾಯಿತೆಂದು ಸರ್ಕಾರ ಸಾರಿತು. ಚೀನಾದ ಯಾಂಗ್ಟ್ಸೆ ಕಣಿವೆಯಲ್ಲಿ ರೈತರು ಹೈಬ್ರಿಡ್‌ನ ಎರಡನೇ ಪೀಳಿಗೆಯ ಬೀಜ ಬಿತ್ತಿದಾಗ ನಾಲ್ಕರಲ್ಲೊಂದು ಗಿಡ ತಾನಾಗಿಯೇ ಬಿಟಿಯಿಲ್ಲದ್ದಾಯಿತು. ಹುಳುವಿನ ನಿರೋಧಕ ಶಕ್ತಿ ಕುಗ್ಗಿತು. ಜೀನು ಅದೇ, ಹುಳು ಅದೇ. ಬೇರೆಯಾದದ್ದು ಬೇಸಾಯದ ವ್ಯವಸ್ಥೆ.

2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ನಿನ್ನ ಹಿಂದೆ ಇನ್ನೂ ಅನೇಕರು ಬರುತ್ತಾರೆ. ನಿನಗಾದ ಗತಿ ಅವರಿಗೂ ಆಗಬಾರದು.

ಅದಕ್ಕೇ ಕೊನೆಯ ಮಾತು ನಿನಗಲ್ಲ, ಈ ಪತ್ರ ಓದುವ ನಮ್ಮವರಿಗೆ. ಬೀಜ ಕಂಪನಿಗಳೇ, ಬೇಗ ಕೊಯ್ಲಿಗೆ ಬರುವ ತಳಿ ಕೊಡಿ. ಚೀಲದಲ್ಲಿ ಏನಿದೆ, ಯಾಕಿದೆ ಎಂಬುದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆಯಿರಿ. ಕೃಷಿ ಇಲಾಖೆಯವರೇ, ಬಿತ್ತಿಗೆಗೆ ಮೊದಲೇ ಊರೂರಿಗೆ ಬಂದು ಹೇಳಿ. ಹುಳು ಬಿದ್ದ ಮೇಲೆ ಬಂದರೆ ಪ್ರಯೋಜನವಿಲ್ಲ. ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಹೂ ಬಿಡುವ ಹೊತ್ತಿಗೆ ಎಕರೆಗೆ ಎರಡು ಮೋಹಕ ಬಲೆ ಕಟ್ಟಿರಿ. ದಿನಕ್ಕೆ ಒಂದು ಬಲೆಗೆ ಎಂಟು ಪತಂಗದಂತೆ ಮೂರು ದಿನ ಬಿದ್ದರೆ ಎಣ್ಣೆ ಹೊಡೆಯಲು ತಡಮಾಡಬೇಡಿ. ಡಿಸೆಂಬರ್ ಮುಗಿಯುವುದರೊಳಗೆ ಹತ್ತಿ ಬಿಡಿಸಿ ಹೊಲ ತೆರವು ಮಾಡಿ. ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಬೇಡಿ. ಅದರಲ್ಲುಳಿದ ಒಣಕಾಯಿಗಳಲ್ಲಿ ಮುಂದಿನ ವರ್ಷದ ಹುಳು ಮಲಗಿರುತ್ತದೆ. ಇದನ್ನು ಒಬ್ಬರು ಮಾಡಿದರೆ ಸಾಲದು, ಊರೇ ಸೇರಿ ಮಾಡಬೇಕು.

ಇಂತಿ,
ನಾಲತವಾಡದ ಒಬ್ಬ ಹತ್ತಿ ಬೆಳೆಗಾರ