ಕ್ಷುದ್ರಗುಹಾಮೀಮಾಂಸೆ

ಆಂಧ್ರದ ಬೇಲಂ ಗುಹೆಗಳು 3,229 ಮೀಟರು ಉದ್ದವೆಂದೂ, ಮೇಘಾಲಯದ ಕ್ರೆಮ್ ಲಿಯಾತ್ ಪ್ರಾಹ್ 30 ಕಿಲೋಮೀಟರಿಗೂ ಮಿಗಿಲೆಂದೂ ಕೇಳಿ ಬೆರಗಾಗುವ ಜನಕ್ಕೆ, ಭಾನುವಾರ ಬೆಳಿಗ್ಗೆ ಹಗ್ಗ, ಟಾರ್ಚು, ಚಿತ್ರಾನ್ನದ ಡಬ್ಬಿಗಳೊಡನೆ ತುಮಕೂರಿನ ಉಪ್ಪಾರಹಳ್ಳಿಯಿಂದ ಹೊರಟು, ಮೈ ಬಗ್ಗಿಸುವಷ್ಟರಲ್ಲಿ ಮುಗಿದುಹೋಗುವ ಗವಿಯೊಂದನ್ನು ಶೋಧಿಸಿ ಸಂಜೆಗೆ ಮರಳುವ ಹವ್ಯಾಸಿಗಳ ವಿದ್ಯೆಯು ಹಾಸ್ಯಾಸ್ಪದವಾಗಿ ತೋರಿದರೆ, ಅದಕ್ಕೆ ಕಾರಣ ಆ ಜನಕ್ಕೆ ಅರಿವಿನ ಸಾಧನಗಳನ್ನು ವಿಚಾರಿಸುವ ಪ್ರಮಾಣಶಾಸ್ತ್ರದ ಪರಿಚಯವಿಲ್ಲದಿರುವುದೇ ಹೊರತು ಗವಿಯ ಗಿಡ್ಡತನವಲ್ಲ.

ಸುಣ್ಣಕಲ್ಲು ಮಳೆನೀರಿನ ಆಮ್ಲಕ್ಕೆ ಕರಗುವುದರಿಂದ ಬೇಲಮ್ಮಿನಲ್ಲಿ ನೆಲವೇ ಟೊಳ್ಳಾಯಿತು; ನಮ್ಮ ಸೀಮೆಯ ಕಣಶಿಲೆಗೆ ಅಂಥ ದಾಕ್ಷಿಣ್ಯವಿಲ್ಲ. ಅದು ಬಿರುಕುಬಿಟ್ಟು, ಬಿರುಕಿನ ಗುಂಟ ಶಿಥಿಲವಾಗಿ, ಮಣ್ಣು ತೊಳೆದುಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಒರಗಿ ನಿಲ್ಲುವುವು. ನಡುವೆ ಉಳಿದ ಸಂದೇ ಗವಿ. ಕೊರಟಗೆರೆ ಸೀಮೆಯ ಸಿದ್ಧರಬೆಟ್ಟದಲ್ಲಿ ಸಿದ್ಧೇಶ್ವರನೂ, ಕೋಲಾರದ ಅಂತರಗಂಗೆಯ ಬೆಟ್ಟದಲ್ಲಿ ಪ್ರವಾಸಿಗರೂ ಬಂಡೆಗಳ ಎಡೆಯನ್ನೇ ಆಶ್ರಯಿಸಿರುವರು. ಆದರೆ ಅಲ್ಲಿ ನೋಡತಕ್ಕದ್ದು ಏನಾದರೂ ಇರುವುದರಿಂದ ಅವು ನಮ್ಮ ಶಾಸ್ತ್ರಕ್ಕೆ ಅನರ್ಹ.

ಏನೂ ಇಲ್ಲದಿರುವುದನ್ನು ತಿಳಿಯುವ ಬಗೆ ಯಾವುದು? ಅಭಾವಜ್ಞಾನಕ್ಕೆ ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಎಂಬ ಆರನೆಯ ಪ್ರಮಾಣವೇ ಬೇಕೆಂದು ಮೀಮಾಂಸಕರಾದ ಕುಮಾರಿಲಭಟ್ಟರು ಸಾಧಿಸಿದರು. ಗಡಿಗೆಯಿಲ್ಲದ ನೆಲವೆಂದರೆ ಬರಿಯ ನೆಲವಷ್ಟೆ, ಅದಕ್ಕೆ ಬೇರೆ ಪ್ರಮಾಣವೇತಕ್ಕೆಂದು ಅದೇ ಶಾಸ್ತ್ರದ ಪ್ರಭಾಕರರು ಐದಕ್ಕೇ ನಿಂತರು. ಶತಮಾನಗಳ ಈ ವಿವಾದವು ಈಗ ಗುಡ್ಡದ ಮೇಲೆ ಮುಂದುವರಿದಿದೆ. ಗವಿಯಿಂದ ಮೊಣಕೈ ತರಚಿಕೊಂಡು ಹೊರಬಂದು, "ಏನೂ ಇಲ್ಲವೆಂಬುದನ್ನು ಕಂಡೆವು" ಎಂದು ಹರ್ಷಿಸುವವರು ಭಾಟ್ಟರು. "ಬರೀ ಬಂಡೆ ಕಣ್ರೀ" ಎಂದು ಡಬ್ಬಿ ಬಿಚ್ಚುವವರು ಪ್ರಾಭಾಕರರು.

ಇಲ್ಲೊಂದು ಸೂಕ್ಷ್ಮವುಂಟು. ಇದ್ದಿದ್ದರೆ ಕಾಣತಕ್ಕದ್ದು ಕಾಣದಿದ್ದಾಗ ಮಾತ್ರವೇ ಅಭಾವ ಸಿದ್ಧಿಸುವುದು, ಇದೇ ಯೋಗ್ಯಾನುಪಲಬ್ಧಿ. ಕಗ್ಗತ್ತಲೆಯಲ್ಲಿ ಚಿರತೆ ಕಾಣಲಿಲ್ಲವೆಂದ ಮಾತ್ರಕ್ಕೆ ಚಿರತೆಯಿಲ್ಲವೆಂದು ನಿರ್ಣಯಿಸುವಂತಿಲ್ಲ. ಟಾರ್ಚು ಹಿಡಿದವನು ಮುಂದೆ ಹೋಗತಕ್ಕದ್ದೆಂಬ ವಿಧಿಯು ಇದರಿಂದಲೇ ಹುಟ್ಟಿತು; ಮೀಮಾಂಸೆಯನ್ನು ಚೆನ್ನಾಗಿ ಬಲ್ಲವನು ಟಾರ್ಚು ಹಿಡಿಯಲೊಲ್ಲನೆಂಬುದೂ ಅನುಭವಸಿದ್ಧ.

ಇನ್ನು ನಂಬತಕ್ಕವರ ಮಾತೆಂಬ ಶಬ್ದಪ್ರಮಾಣವು ಊರಿನ ಹಿರಿಯರಲ್ಲಿ ಧಾರಾಳವಾಗಿ ದೊರೆಯುವುದು. ಶಿವಗಂಗೆಯಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯವರೆಗೆ ಸುರಂಗವುಂಟೆಂಬ ಪ್ರತೀತಿ ಇರುವಾಗ, ತಮ್ಮೂರಿನ ಸಂದು ದೇವರಾಯನದುರ್ಗದವರೆಗಾದರೂ ಹೋಗದಿದ್ದರೆ ಊರಿನ ಮಾನವೇನಾದೀತು? ಇದಕ್ಕೆ ಬಾಧಕವಾಗುವವನು ಮೇಕೆ ಕಾಯುವ ಹುಡುಗ. "ಒಳಗೇನಿದೆ ಮರಿ?" ಎಂದರೆ, "ಏನೂ ಇಲ್ಲ ಸಾರ್, ಬಾವಲಿ ಗಬ್ಬು" ಎನ್ನುವನು. ಹೊಗದೆಯೇ ಲಭಿಸಿದ ಅಭಾವಜ್ಞಾನವು ಅಭಾವಜ್ಞಾನವೇ ಅಲ್ಲವೆಂದು ನಮ್ಮವರು ಅವನನ್ನು ಗದರಿಸಿ ಒಳಹೊಗುವರು.

ತಲೆ ಒಳಗಾಗಿ ಕಾಲು ಹೊರಗುಳಿದರೆ ಅದು ಗವಿಯೋ ಬರಿಯ ಸಂದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಭಾಟ್ಟರು ಗವಿಯೆಂದೂ, ಪ್ರಾಭಾಕರರು ಸಂದೆಂದೂ ಹಟ ಹಿಡಿದಿರುವರು. ಹಾಗೆ ಸಿಕ್ಕಿಕೊಂಡವರ ಅಭಿಪ್ರಾಯವನ್ನೂ ಕೇಳಲಾಯಿತು; ಅವರ ಮಾತು ಹೊರಕ್ಕೆ ಸ್ಪಷ್ಟವಾಗಿ ಕೇಳಿಬರದ ಕಾರಣ ಉಭಯಪಕ್ಷದವರೂ ಅದನ್ನು ತಮ್ಮ ಸಮರ್ಥನೆಯೆಂದೇ ಬರೆದುಕೊಂಡಿರುವರು.