ಅಥಾತೋ ವಿಳಾಸಜಿಜ್ಞಾಸಾ

ಕತ್ತಲಾದ ಮೇಲೆ, ಎಂದೂ ಕಾಲಿಡದ ಬೆಂಗಳೂರಿನ ಬಡಾವಣೆಯೊಂದಕ್ಕೆ ಊಟಕ್ಕೆಂದು ಕಾರು ತೆಗೆದವನೇ ಈ ಶಾಸ್ತ್ರದ ಅಧಿಕಾರಿ. ಅವನಲ್ಲಿ ಇರಲೇಬೇಕಾದ ಸಾಧನಸಂಪತ್ತು: ಚಾರ್ಜ್ ಆದ ಫೋನು, ಅರ್ಧ ಟ್ಯಾಂಕ್ ಪೆಟ್ರೋಲು, ವೈರಾಗ್ಯ. ಮನೆಯಾಕೆ ಪಕ್ಕದಲ್ಲಿದ್ದರೆ ಪೂರ್ವಪಕ್ಷಕ್ಕೆ ಬೇರೆ ಏರ್ಪಾಡು ಬೇಕಿಲ್ಲ.

ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷದ ಗತಿ ಮೊದಲೇ ಹೇಳಿಬಿಡಬಹುದು. ರಸ್ತೆಯ ಬೋರ್ಡು ಇದೆ, ಅದರ ಮೇಲೆ ‘ಪಿ.ಜಿ. ಫಾರ್ ಜೆಂಟ್ಸ್’ ಚೀಟಿಯೂ ಇದೆ. ಹಂಪು ಪ್ರತ್ಯಕ್ಷವಾಗುತ್ತದೆ, ಹಾರಿದ ಮೇಲೆ. ನ್ಯಾಯಸೂತ್ರ ಬರೆದ ಗೌತಮರು ಚಿಂತಿಸುತ್ತ ನಡೆದು ಬಾವಿಗೆ ಬಿದ್ದರೆಂದೂ ಆಮೇಲೆ ಪಾದಗಳಲ್ಲೇ ಕಣ್ಣು ಪಡೆದರೆಂದೂ ಐತಿಹ್ಯವಿದೆ. ಟೈರುಗಳಿಗೆ ಆ ಅನುಗ್ರಹ ಇನ್ನೂ ಆಗಿಲ್ಲ.

ಅನುಮಾನದ ಕಥೆ ಹೆಚ್ಚು ದಾರುಣ. ಹೊಗೆಯಿದ್ದಲ್ಲಿ ಬೆಂಕಿ, 14ನೇ ಕ್ರಾಸ್ ಇದ್ದಲ್ಲಿ ಮುಂದೆ 15ನೆಯದು. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರದವರಿಗೆ ಈ ವ್ಯಾಪ್ತಿಯಲ್ಲಿ ಸಂಶಯವೇ ಇಲ್ಲ. ಸಂಪಿಗೆ ರಸ್ತೆಯಲ್ಲಿ ಕ್ರಾಸುಗಳು ಮಗ್ಗಿ ಒಪ್ಪಿಸಿದ ಹಾಗೆ ಬರುತ್ತವೆ. ಆ ನಂಬಿಕೆಯನ್ನು ಹೊತ್ತು ದಕ್ಷಿಣಕ್ಕೆ ಬಂದವನಿಗೆ 14ರ ಮುಂದೆ 14ಎ, 14ಬಿ, ಒಂದು ಪಾರ್ಕು, ಪಾರ್ಕಿನಾಚೆ 21. ಹೇತ್ವಾಭಾಸ ಎಂದರೆ ಇದೇ. ಜಯನಗರದ ನಾಲ್ಕನೇ ಬ್ಲಾಕು ಬೇರೆ, ನಾಲ್ಕನೇ ಟಿ ಬ್ಲಾಕು ಬೇರೆ. ಬನಶಂಕರಿಗೆ ಸ್ಟೇಜು, ಜೆ.ಪಿ. ನಗರಕ್ಕೆ ಫೇಸು, ಎಚ್‌ಎಸ್‌ಆರ್‌ಗೆ ಸೆಕ್ಟರು: ಜೀವಾತ್ಮನಿಗೂ ಇಷ್ಟು ಉಪಾಧಿಗಳಿಲ್ಲ.

ಉಪಮಾನಕ್ಕೆ ಶಾಸ್ತ್ರದ ದೃಷ್ಟಾಂತ, ಹಸುವಿನಂತಿರುವುದೇ ಗವಯ ಎಂಬುದು. ಆತಿಥೇಯರ ದೃಷ್ಟಾಂತ: “ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್, ಎದುರಿಗೆ ಮೆಡಿಕಲ್ ಶಾಪು, ಗೊತ್ತಾಗ್ಬಿಡತ್ತೆ ಬನ್ನಿ.” ಈ ಊರಿನಲ್ಲಿ ಹಾಗಿಲ್ಲದ ಮನೆ ಹೇಳಿದ್ದರೆ ಬೇಗ ಸಿಗುತ್ತಿತ್ತು.

ಉಳಿದದ್ದು ಶಬ್ದ. ಅದು ಆಪ್ತವಾಕ್ಯವಾಗಿರಬೇಕು, ಆಪ್ತನೆಂದರೆ ವಿಷಯವನ್ನು ತಾನೇ ಕಂಡು, ಕಂಡಂತೆ ಹೇಳುವವನು. ಫೋನಿನೊಳಗಿನ ಹೆಂಗಸು ಬಲಕ್ಕೆ ತಿರುಗಿ ಎನ್ನುತ್ತಾಳೆ. ಬಲಕ್ಕಿರುವುದು ಬೀಗ ಹಾಕಿದ ಗೇಟು. ಆಕೆ ಕಂಡವಳಲ್ಲ, ಕೇಳಿದವಳೂ ಅಲ್ಲ. ಇಲ್ಲಿ ಪೂರ್ವಪಕ್ಷ ಏಳುತ್ತದೆ: “ಅರ್ಧ ಗಂಟೆಯಿಂದ ಹೇಳ್ತಿದೀನಿ, ಯಾರನ್ನಾದ್ರೂ ಕೇಳ್ರೀ.” ಗೇಟಿನ ಸೆಕ್ಯುರಿಟಿ ತಾನು ಊರಿಗೇ ಹೊಸಬ ಎನ್ನುತ್ತಾನೆ (ನಮ್ಮ ಮಟ್ಟಿಗೆ ಆ ರಾತ್ರಿ ಸತ್ಯ ನುಡಿದವನು ಅವನೊಬ್ಬನೇ). ಬೀಡಾ ಅಂಗಡಿಯವನು ಮಾತ್ರ ನಿಸ್ಸಂಶಯ: “ಸೀದಾ ಹೋಗಿ ಸಾರ್, ಲಾಸ್ಟಲ್ಲಿ ಲೆಫ್ಟು.” ಆ ರಸ್ತೆಯಲ್ಲಿ ಸೀದಾ ಹೋದರೆ ಲಾಸ್ಟಲ್ಲಿ ಸಿಗುವುದು ಹೊಸೂರು.

ಕುಮಾರಿಲ ಭಟ್ಟರ ಮತದವರು ಅನುಪಲಬ್ಧಿಯನ್ನೂ ಪ್ರಮಾಣವೆನ್ನುತ್ತಾರೆ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಯೂ-ಟರ್ನಿನ ವಿಷಯದಲ್ಲಿ ಇದರಷ್ಟು ಗಟ್ಟಿಯಾದ ಪ್ರಮಾಣ ಇನ್ನೊಂದಿಲ್ಲ.

ಸಿದ್ಧಾಂತವಿಷ್ಟು: ಆತಿಥೇಯರು ಲುಂಗಿ ಎತ್ತಿಕಟ್ಟಿ, ಮೇನ್ ರೋಡಿಗೆ ತಾವೇ ಬಂದು ಮೊಬೈಲ್ ಟಾರ್ಚು ಬೀಸುವವರೆಗೆ ಜ್ಞಾನವಿಲ್ಲ. ಆಮೇಲೆ ಕಾರು ಎಲ್ಲಿ ನಿಲ್ಲಿಸಬೇಕೆಂಬುದು ಉತ್ತರಮೀಮಾಂಸೆಗೆ ಸೇರಿದ್ದು. ಪಕ್ಕದ ಮನೆಯವರು ಆಗಲೇ ಅದರ ಮೇಲೆ ಭಾಷ್ಯ ಶುರುಮಾಡಿದ್ದರು.